ಮನೆ ದುರಸ್ತಿ: ಮಾಲೀಕರ ಹಾಗೂ ಗುತ್ತಿಗೆದಾರರ ಹಕ್ಕು-ಹೊಣೆ

ಮಲ್ಕಾಜ್‌ಗಿರಿಯಂತಹ ಬಡಾವಣೆಗಳಲ್ಲಿ ಮನೆಯ ದುರಸ್ತಿಯನ್ನು ಬಾಯಿಮಾತಿನಲ್ಲೇ ಮೇಸ್ತ್ರಿಗೆ ವಹಿಸುವುದುಂಟು. 1872ರ ಭಾರತೀಯ ಕರಾರು ಕಾಯಿದೆಯಂತೆ ಬಾಯಿಮಾತಿನ ಕರಾರೂ ಸಿಂಧುವೇ. ಆದರೆ ವಿವಾದವೆದ್ದಾಗ ಅದನ್ನು ರುಜುವಾತುಪಡಿಸುವುದು ಕಷ್ಟ. ಆದುದರಿಂದ ಸಾಮಗ್ರಿಯ ದರ್ಜೆ, ಕೆಲಸ ಮುಗಿಸುವ ದಿನಾಂಕ, ಹಣದ ಕಂತುಗಳನ್ನು ಬರೆಸಿಕೊಂಡು, ಪ್ರತಿ ಮುಂಗಡಕ್ಕೂ ರಸೀದಿ ಪಡೆಯತಕ್ಕದ್ದು. ನಡುವೆ ಹೇಳಿದ ಹೆಚ್ಚುವರಿ ಕೆಲಸದ ದರವನ್ನೂ ಆಗಲೇ ಬರೆದಿಡುವುದು ಲೇಸು. ಜಗಳ ಹುಟ್ಟುವುದು ಸಾಮಾನ್ಯವಾಗಿ ಅಲ್ಲಿಯೇ.

ಗೃಹ ನಿರ್ಮಾಣವು 1993ರಿಂದ ಗ್ರಾಹಕ ಕಾನೂನಿನಲ್ಲಿ ‘ಸೇವೆ’ಯೆಂದು ಪರಿಗಣಿತವಾಗಿದೆ. ಹೊಸ ತಾರಸಿ ಸೋರಿದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ, ವ್ಯಾಜ್ಯಕಾರಣ ಉಂಟಾದ ಎರಡು ವರ್ಷಗಳೊಳಗೆ ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ನೀಡಿದ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಲೇಬೇಕೆಂದೂ ಇಲ್ಲ.

ಗುತ್ತಿಗೆದಾರನೂ ನಿರಾಶ್ರಿತನಲ್ಲ. ಪಾವತಿಗೆ ಅವಧಿ ಗೊತ್ತುಪಡಿಸದಿದ್ದಲ್ಲಿ, ಕೆಲಸ ಮುಗಿದ ಮೂರು ವರ್ಷಗಳೊಳಗೆ ಅವನು ಬಾಕಿಗಾಗಿ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು.