ನಡುಗಿದ ನೆಲ, ಹರಿದಾಡುವ ಸಂದೇಶ: ಗ್ರಾಮ ಪಂಚಾಯತಿಗಳಿಗೆ ಒಂದು ಅಧ್ಯಯನ ಪಾಠ

ಪಾಠದ ಉದ್ದೇಶ: ಭೂಕಂಪನದ ಕುರಿತು ವಿಜ್ಞಾನಿಗಳು ಸಾಮಾಜಿಕ ಜಾಲತಾಣಗಳ ಮೂಲಕ ನೀಡುವ ಮಾಹಿತಿಯನ್ನು ಓದುವ, ಪರಿಶೀಲಿಸುವ ಹಾಗೂ ಗ್ರಾಮಸ್ಥರಿಗೆ ತಲುಪಿಸುವ ಕ್ರಮವನ್ನು ಪಂಚಾಯತಿ ಸದಸ್ಯರಿಗೂ ಸಿಬ್ಬಂದಿಗೂ ಪರಿಚಯಿಸುವುದು.

ಮೂರು ಪ್ರಶ್ನೆಗಳು

ಗಿಣಿಗೇರಾದಲ್ಲಿ ನೆಲ ಅದುರಲು ಭೂಕಂಪನವೇ ಆಗಬೇಕೆಂದಿಲ್ಲ. ಸರಕು ತುಂಬಿದ ರೈಲು, ಕಾರ್ಖಾನೆಗಳಿಗೆ ಸಾಗುವ ಭಾರಿ ಲಾರಿಗಳು ಕಿಟಕಿಗಳನ್ನು ಅಲುಗಿಸುತ್ತವೆ. ಮುನಿರಾಬಾದಿನ ತುಂಗಭದ್ರಾ ಜಲಾಶಯವೂ ಹತ್ತಿರದಲ್ಲಿಯೇ ಇದೆ. ಆದುದರಿಂದ ‘ಭೂಕಂಪ ಆಯಿತಂತೆ’ ಎಂಬ ಸಂದೇಶ ಮೊಬೈಲಿಗೆ ಬಂದರೆ ಅದರ ಜೊತೆಗೆ ಅಣೆಕಟ್ಟೆಯ ಚಿಂತೆಯೂ ಮೂಡುವುದು ಸಹಜ.

ಇಂತಹ ರಾತ್ರಿಯಲ್ಲಿ ಜನರು ಪಂಚಾಯತಿಯನ್ನು ಕೇಳುವ ಪ್ರಶ್ನೆಗಳು ಮೂರು. ನಡುಗಿದ್ದು ಭೂಕಂಪವೇ? ಮತ್ತೆ ಆಗುತ್ತದೆಯೇ? ಮನೆಯೊಳಗೆ ಮಲಗಬಹುದೇ? ಮೊದಲನೆಯದಕ್ಕೆ ಉಪಕರಣಗಳು ಉತ್ತರ ಕೊಡಬಲ್ಲವು. ಎರಡನೆಯದಕ್ಕೆ ಜಗತ್ತಿನ ಯಾವ ವಿಜ್ಞಾನಿಯೂ ಖಚಿತ ಉತ್ತರ ಕೊಡಲಾರನು. ಮೂರನೆಯದಕ್ಕೆ ಉತ್ತರ ಬಹುಮಟ್ಟಿಗೆ ಮನೆಯ ಗೋಡೆಯಲ್ಲಿಯೇ ಇದೆ. ಈ ಮೂರನ್ನೂ ಬೆರೆಸಿ ಒಂದೇ ಮಾತಿನಲ್ಲಿ ಉತ್ತರಿಸಲು ಹೊರಟಾಗ ತಪ್ಪು ಸಂಭವಿಸುತ್ತದೆ.

ಮೊದಲನೆಯ ಪ್ರಶ್ನೆ: ನಡುಗಿದ್ದು ಭೂಕಂಪವೇ?

2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನಲ್ಲಿ ಭಾರಿ ಶಬ್ದ ಕೇಳಿಸಿ ಮನೆಗಳ ಕಿಟಕಿಗಳು ಅದುರಿದವು. ಭೂಕಂಪವೆಂಬ ಊಹೆ ಜಾಲತಾಣಗಳಲ್ಲಿ ಕೂಡಲೇ ಹಬ್ಬಿತು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ತನ್ನ ಉಪಕರಣಗಳಲ್ಲಿ ಭೂಕಂಪನ ದಾಖಲಾಗಿಲ್ಲವೆಂದು ತಿಳಿಸಿತು. ಆದರೆ ಶಬ್ದದ ಕಾರಣವನ್ನು ಅದು ಊಹಿಸಿ ಹೇಳಲಿಲ್ಲ. ಅದು ವಾಯುಪಡೆಯ ವಿಮಾನವೊಂದರ ಶಬ್ದಾತೀತ ವೇಗದ ಪರೀಕ್ಷಾ ಹಾರಾಟವೆಂಬುದನ್ನು ರಕ್ಷಣಾ ಇಲಾಖೆಯೇ ಆ ಬಳಿಕ ಪ್ರಕಟಿಸಿತು. ತಿಳಿದಷ್ಟನ್ನು ಹೇಳಿ, ತಿಳಿಯದುದನ್ನು ತಿಳಿದವರಿಗೆ ಬಿಡುವ ಈ ಕ್ರಮವೇ ಅನುಕರಣೀಯವಾದುದು.

ರಾಷ್ಟ್ರಮಟ್ಟದಲ್ಲಿ ಈ ಕಾರ್ಯವನ್ನು ಕೇಂದ್ರ ಭೂವಿಜ್ಞಾನ ಸಚಿವಾಲಯದ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರವು ನಿರ್ವಹಿಸುತ್ತದೆ. ಅದು ತನ್ನ ಜಾಲತಾಣ, ‘ಭೂಕಂಪ್’ ಆ್ಯಪ್ ಹಾಗೂ ಎಕ್ಸ್ ಖಾತೆಯಲ್ಲಿ ಪ್ರತಿ ಕಂಪನದ ದಿನಾಂಕ, ಸಮಯ, ಅಕ್ಷಾಂಶ, ರೇಖಾಂಶ, ಆಳ ಮತ್ತು ಪ್ರಮಾಣವನ್ನು ಪ್ರಕಟಿಸುತ್ತದೆ. ಈ ವಿವರಗಳೂ ಪ್ರಕಟಿಸಿದ ಸಂಸ್ಥೆಯ ಹೆಸರೂ ಇಲ್ಲದ ಸಂದೇಶವನ್ನು ಮಾಹಿತಿ ಎಂದು ಪರಿಗಣಿಸಬಾರದು.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಆರಂಭದಲ್ಲಿ ಪ್ರಕಟವಾದ ಸಂಖ್ಯೆ ಆ ಬಳಿಕ ಬದಲಾಗಬಹುದು. ಹೆಚ್ಚಿನ ಕೇಂದ್ರಗಳ ದಾಖಲೆಗಳು ಸೇರಿದಂತೆ ಲೆಕ್ಕ ಪರಿಷ್ಕರಣೆಯಾಗುತ್ತದೆ. ಇದು ಸತ್ಯವನ್ನು ಮುಚ್ಚಿಡುವ ಪ್ರಯತ್ನವಲ್ಲ. ಎರಡನೆಯದಾಗಿ, ಪ್ರಮಾಣ ಒಂದು ಅಂಕ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. 4.1 ಮತ್ತು 6.2ರ ನಡುವಿನ ಅಂತರ ಅಂಕಗಳಲ್ಲಿ ಚಿಕ್ಕದಾಗಿ ಕಂಡರೂ ಶಕ್ತಿಯಲ್ಲಿ ಸುಮಾರು 1,400 ಪಟ್ಟು.

ಇಂತಹ ದಾಖಲೆಗಳು ಎಲ್ಲರಿಗೂ ತೆರೆದಿರುವುದರಿಂದ ಆಗುವ ಪ್ರಯೋಜನಕ್ಕೆ 2020ರ ಲಾಕ್‌ಡೌನ್ ಕಾಲದ ಸಂಶೋಧನೆಯೊಂದು ಉತ್ತಮ ನಿದರ್ಶನ. ರೈಲು, ವಾಹನ, ಕಾರ್ಖಾನೆಗಳು ನಿಂತಾಗ ನೆಲದ ನಿತ್ಯದ ಅದುರು ಕಡಿಮೆಯಾದುದನ್ನು ಬೆಲ್ಜಿಯಂನ ಭೂಕಂಪ ವಿಜ್ಞಾನಿಯೊಬ್ಬರು ಗುರುತಿಸಿ, ತಮ್ಮ ಲೆಕ್ಕದ ವಿಧಾನವನ್ನು ಎಲ್ಲರಿಗೂ ಮುಕ್ತವಾಗಿ ಹಂಚಿದರು. ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಜಾಲತಾಣದ ಮೂಲಕವೇ ಕೈಜೋಡಿಸಿದರು. 117 ದೇಶಗಳ 268 ಮಾಪನ ಕೇಂದ್ರಗಳ ದಾಖಲೆಗಳನ್ನು ಪರಿಶೀಲಿಸಿದ ಈ ಅಧ್ಯಯನ ಅದೇ ವರ್ಷ ಪ್ರಕಟವಾಯಿತು. ರೈಲಿನ ಅದುರೂ ಭೂಕಂಪನವೂ ಉಪಕರಣಕ್ಕೆ ಬೇರೆ ಬೇರೆಯಾಗಿ ಕಾಣುತ್ತವೆ ಎಂಬುದು ಗಿಣಿಗೇರಾದಂತಹ ಊರಿಗೆ ಮುಖ್ಯವಾದ ಸಂಗತಿ.

ಎರಡನೆಯ ಪ್ರಶ್ನೆ: ಮತ್ತೆ ಆಗುತ್ತದೆಯೇ?

ಇಂತಹ ದಿನ, ಇಂತಹ ಸ್ಥಳದಲ್ಲಿ, ಇಷ್ಟು ಪ್ರಮಾಣದ ಭೂಕಂಪನವಾಗುತ್ತದೆ ಎಂದು ಮುಂಚಿತವಾಗಿ ಹೇಳುವ ವಿಧಾನ ಇಂದಿಗೂ ಇಲ್ಲ. 2023ರ ಫೆಬ್ರವರಿ 6ರಂದು ಟರ್ಕಿ ಮತ್ತು ಸಿರಿಯಾದಲ್ಲಿ ಭೂಕಂಪನವಾದ ಬಳಿಕ, ಗ್ರಹಗಳ ಸ್ಥಾನ ನೋಡಿ ಅದನ್ನು ಮೊದಲೇ ತಿಳಿಸಲಾಗಿತ್ತು ಎಂಬ ಸಂದೇಶ ಜಗತ್ತಿನಾದ್ಯಂತ ಹರಡಿತು. ಗ್ರಹಗಳ ಸ್ಥಾನದಿಂದ ಭೂಕಂಪನವನ್ನು ಹೇಳಲಾಗದೆಂದು ವಿಜ್ಞಾನಿಗಳು ಅದೇ ಜಾಲತಾಣಗಳಲ್ಲಿ ವಿವರಿಸಬೇಕಾಯಿತು.

ಆದರೆ ‘ಆಗುತ್ತದೆ’ ಎನ್ನಲಾಗದಂತೆಯೇ ‘ಆಗುವುದಿಲ್ಲ’ ಎನ್ನಲೂ ಆಗದು. 2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದಲ್ಲಿ ಶಬ್ದದೊಡನೆ ಪದೇ ಪದೇ ನೆಲ ಕಂಪಿಸಿತು. ಒಂದು ಕಂಪನದ ಪ್ರಮಾಣ 4.1 ಎಂದು ದಾಖಲಾಯಿತು. ಅನೇಕ ಕುಟುಂಬಗಳು ಹೊರಗೆ ರಾತ್ರಿ ಕಳೆದವು. ಕೆಲವರು ಊರನ್ನೇ ತೊರೆದರು. ಮಳೆಗಾಲದ ನೀರು ಶಿಲೆಗಳ ಬಿರುಕುಗಳಿಗೆ ಇಳಿದು ಒತ್ತಡ ಹೆಚ್ಚುವುದರಿಂದ ಇಂತಹ ಸಣ್ಣ ಕಂಪನಗಳಾಗಬಹುದೆಂದು ತಜ್ಞರು ವಿವರಿಸಿದರು. ದೊಡ್ಡ ಭೂಕಂಪನ ಅದನ್ನು ಹಿಂಬಾಲಿಸಲಿಲ್ಲ.

ಮಹಾರಾಷ್ಟ್ರದ ಕಿಲ್ಲಾರಿಯಲ್ಲಿಯೂ 1992ರಲ್ಲಿ ಇದೇ ಬಗೆಯ ಸಣ್ಣ ಕಂಪನಗಳಾಗಿದ್ದವು. ಆ ಪ್ರದೇಶ ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಸುಮಾರು 6.2 ಪ್ರಮಾಣದ ಭೂಕಂಪನವಾಗಿ ಹತ್ತು ಸಾವಿರದಷ್ಟು ಜನರು ಮಡಿದರು. 2002ರ ಪರಿಷ್ಕರಣೆಯಲ್ಲಿ ಒಂದನೇ ವಲಯವನ್ನೇ ಕೈಬಿಡಲಾಯಿತು. ಆ ನಕ್ಷೆಯಲ್ಲಿ ಕೊಪ್ಪಳ ಜಿಲ್ಲೆ ಎರಡನೇ ವಲಯದಲ್ಲಿದೆ. ಇದರ ಅರ್ಥ ಅಪಾಯ ಕಡಿಮೆ ಎಂದೇ ಹೊರತು ಇಲ್ಲವೇ ಇಲ್ಲ ಎಂದಲ್ಲ.

ಹುಸಿ ಧೈರ್ಯದ ಬೆಲೆಯನ್ನು ಇಟಲಿಯ ಲಾಕ್ವಿಲಾ ನಗರ ತೋರಿಸಿದೆ. ತಿಂಗಳುಗಟ್ಟಲೆ ಸಣ್ಣ ಕಂಪನಗಳಾದಾಗ 2009ರ ಮಾರ್ಚ್ 31ರಂದು ತಜ್ಞರ ಸಭೆ ನಡೆಯಿತು. ಆ ಸಂದರ್ಭದಲ್ಲಿ ಅಧಿಕಾರಿಯೊಬ್ಬರು ದೂರದರ್ಶನದಲ್ಲಿ ಜನರಿಗೆ ಧೈರ್ಯದ ಮಾತು ಹೇಳಿದರು. ಕಂಪನವಾದಾಗ ಮನೆಯಿಂದ ಹೊರಬರುವ ರೂಢಿಯಿದ್ದ ಕೆಲವರು ಆ ಮಾತನ್ನು ನಂಬಿ ಒಳಗೆ ಉಳಿದರು. ಏಪ್ರಿಲ್ 6ರ ಭೂಕಂಪನದಲ್ಲಿ 309 ಜನರು ಮೃತಪಟ್ಟರು. 2012ರಲ್ಲಿ ಏಳು ಜನರಿಗೆ ಶಿಕ್ಷೆಯಾಯಿತು. 2014ರಲ್ಲಿ ಮೇಲ್ಮನವಿ ನ್ಯಾಯಾಲಯವು ಆರು ವಿಜ್ಞಾನಿಗಳನ್ನು ಬಿಡುಗಡೆ ಮಾಡಿತು, ಅಧಿಕಾರಿಯ ಶಿಕ್ಷೆಯನ್ನು ತಗ್ಗಿಸಿತಾದರೂ ರದ್ದುಪಡಿಸಲಿಲ್ಲ. ‘ಏನೂ ಆಗುವುದಿಲ್ಲ, ನಿಶ್ಚಿಂತೆಯಿಂದ ಮಲಗಿರಿ’ ಎಂಬ ಮಾತು ಸದುದ್ದೇಶದಿಂದ ಬಂದರೂ ಸುಳ್ಳು ಮುನ್ಸೂಚನೆಯಷ್ಟೇ ಅಪಾಯಕಾರಿ.

ಮೂರನೆಯ ಪ್ರಶ್ನೆ: ಒಳಗೆ ಮಲಗಬಹುದೇ?

ಕಿಲ್ಲಾರಿಯಲ್ಲಿ ಜೀವಹಾನಿ ಹೆಚ್ಚಾಗಲು ಮುಖ್ಯ ಕಾರಣ, ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಹಾಗೂ ಅವುಗಳ ಮೇಲಿದ್ದ ಭಾರವಾದ ಮಣ್ಣಿನ ಮಾಳಿಗೆ. ಅಂತಹ ಮನೆಗಳು ಕೊಪ್ಪಳ ಜಿಲ್ಲೆಯ ಗ್ರಾಮಗಳಲ್ಲಿಯೂ ಇವೆ. ಆದುದರಿಂದ ಕಂಪನದ ಅನುಭವವಾದ ಕೂಡಲೇ ಪಂಚಾಯತಿಯು ಉಬ್ಬಿದ ಗೋಡೆ, ಹೊಸ ಬಿರುಕು, ಜಗ್ಗಿದ ತೊಲೆಗಳಿರುವ ಮನೆಗಳನ್ನು ಗುರುತಿಸಿ, ಅಲ್ಲಿಯ ವೃದ್ಧರು, ಬಾಣಂತಿಯರು ಮತ್ತು ಮಕ್ಕಳಿಗೆ ಆ ರಾತ್ರಿಯ ಮಟ್ಟಿಗೆ ಸುರಕ್ಷಿತ ಸ್ಥಳ ಒದಗಿಸಬೇಕು. ಶಾಲೆ, ಅಂಗನವಾಡಿ ಹಾಗೂ ಮೇಲ್ಮಟ್ಟದ ನೀರಿನ ತೊಟ್ಟಿಯನ್ನು ಮರುದಿನವೇ ಪರಿಶೀಲಿಸಬೇಕು.

ಪಂಚಾಯತಿಯಿಂದ ಹೊರಡುವ ಸಂದೇಶದ ಮಾದರಿ

‘ಇಂದು ರಾತ್ರಿ ___ ಗಂಟೆಗೆ ಗ್ರಾಮದ ಕೆಲವರಿಗೆ ನೆಲ ಅದುರಿದ ಅನುಭವವಾಗಿದೆ. ಇದು ಭೂಕಂಪನವೇ ಎಂಬುದನ್ನು ಜಿಲ್ಲಾ ನಿಯಂತ್ರಣ ಕೊಠಡಿಯಿಂದ (1077) ಕೇಳಲಾಗಿದೆ. ಉತ್ತರ ಬಂದೊಡನೆ ಇಲ್ಲಿಯೇ ತಿಳಿಸಲಾಗುವುದು. ಗೋಡೆಯಲ್ಲಿ ಹೊಸ ಬಿರುಕು ಕಂಡವರು ಒಳಗೆ ಮಲಗದೆ ಪಂಚಾಯತಿಗೆ ತಿಳಿಸಬೇಕು. ಮುಂದಿನ ಕಂಪನದ ದಿನ, ವೇಳೆ ಹೇಳುವ ಸಂದೇಶಗಳನ್ನು ಯಾರೂ ಹಂಚಬಾರದು.’

ಮೊದಲ ಸಂದೇಶವನ್ನು ಕಳುಹಿಸಿ ಸುಮ್ಮನಾದರೆ ಆ ಮೌನವನ್ನು ವದಂತಿ ತುಂಬುತ್ತದೆ. ಉತ್ತರ ಬರುವುದು ತಡವಾದರೆ ತಡವಾಗಿದೆ ಎಂಬುದನ್ನೂ ತಿಳಿಸಬೇಕು. ಸಂಖ್ಯೆ ಪರಿಷ್ಕರಣೆಯಾದರೆ ಅದನ್ನೂ ಪ್ರಕಟಿಸಬೇಕು. ವಿಪತ್ತಿನ ಕುರಿತು ಗಾಬರಿ ಹುಟ್ಟಿಸುವ ಸುಳ್ಳು ಎಚ್ಚರಿಕೆ ಹರಡುವುದು ವಿಪತ್ತು ನಿರ್ವಹಣಾ ಕಾಯ್ದೆ 2005ರ 54ನೇ ಕಲಮಿನಂತೆ ಶಿಕ್ಷಾರ್ಹ ಎಂಬುದನ್ನು ಗ್ರಾಮಸಭೆಯಲ್ಲಿ ತಿಳಿಸಬೇಕು. ಆದರೆ ಭಯದಿಂದ ಪ್ರಶ್ನೆ ಕೇಳಿದವರನ್ನು ಕಾಯ್ದೆಯ ಹೆಸರಿನಲ್ಲಿ ಗದರಿಸಬಾರದು.

ಚರ್ಚೆಗೆ ಪ್ರಶ್ನೆಗಳು

1. ನೆಲ ಅದುರಿದ ಸಮಯವನ್ನು ಗ್ರಾಮದಲ್ಲಿ ಯಾರು, ಎಲ್ಲಿ ದಾಖಲಿಸಬೇಕು?
2. ವಾಟ್ಸ್‌ಆ್ಯಪ್ ಇಲ್ಲದ ಮನೆಗಳಿಗೆ ರಾತ್ರಿಯಲ್ಲಿ ಮಾಹಿತಿ ತಲುಪಿಸುವುದು ಹೇಗೆ?
3. ನಿಮ್ಮ ವಾರ್ಡಿನಲ್ಲಿ ಮಣ್ಣಿನ ಮಾಳಿಗೆಯ ಮನೆಗಳು ಎಷ್ಟಿವೆ? ಅವುಗಳ ಪಟ್ಟಿ ಪಂಚಾಯತಿಯಲ್ಲಿದೆಯೇ?
4. ‘ಗೊತ್ತಿಲ್ಲ, ಕೇಳಿ ಹೇಳುತ್ತೇವೆ’ ಎಂಬ ಉತ್ತರದಿಂದ ಜನರ ವಿಶ್ವಾಸ ಕುಗ್ಗುತ್ತದೆಯೇ, ಬೆಳೆಯುತ್ತದೆಯೇ?