ಕೋವಿಯ ಮಾತು

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಒಂದು ನಾಡಿನ ಜನರ ಮನಸ್ಸನ್ನು ಅರಿಯಬೇಕಾದರೆ ಅವರು ಸಭೆಯಲ್ಲಿ ಆಡುವ ಮಾತಿಗಿಂತ ಸಂತೆಯಲ್ಲಿಯೂ ಜಗಲಿಯಲ್ಲಿಯೂ ಆಡುವ ಮಾತಿಗೆ ಕಿವಿಗೊಡಬೇಕೆಂದು ನಮ್ಮ ಅಧ್ಯಾಪಕರೊಬ್ಬರು ತರಗತಿಯಲ್ಲಿ ಹೇಳಿದ್ದರು. ಅಂದು ನನಗೆ ನೆನಪಾದದ್ದು ನಮ್ಮ ಮನೆಯ ಜಗಲಿ. ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಕಾಡಂಚಿನ ಒಂದು ಸಣ್ಣ ಹಳ್ಳಿ. ಎರಡು ಎಕರೆ ಕಾಫಿ, ಒಂದು ತುಂಡು ಗದ್ದೆ, ನಾಲ್ಕು ಹಲಸಿನ ಮರ, ಇದೇ ನಮ್ಮ ಆಸ್ತಿ. ಇದರ ಜೊತೆಗೆ ಅಜ್ಜನ ಹೆಸರಿನಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಒಂದು ಕೇಪಿನ ಕೋವಿಯಿತ್ತು. ಅಂಥದೇ ಕೋವಿಯುಳ್ಳ ನಾಲ್ಕಾರು ಮಂದಿ ನೆರೆಯವರು ಸಂಜೆಯ ಹೊತ್ತು ಬಂದು ಕೂರುತ್ತಿದ್ದರು. ಅವರಿಗೆ ಕಾಫಿ ತಂದುಕೊಡುವುದು ನನ್ನ ಪಾಲಿನ ಕೆಲಸ. ಲೋಟ ತೆಗೆದುಕೊಂಡು ಹೋಗುವ ನೆಪದಲ್ಲಿ ನಾನು ಕೇಳಿಸಿಕೊಂಡ ಮಾತುಗಳೇ ಈ ಲೇಖನಕ್ಕೆ ಆಧಾರ.

ಪದಗಳ ಪರಿಚಯ

ಕೋವಿಯ ಮಾತು ತಿಳಿಯಬೇಕಾದರೆ ಮೊದಲು ಕೋವಿಯನ್ನು ತಿಳಿಯಬೇಕು. ಕೇಪಿನ ಕೋವಿಗೆ ಮದ್ದನ್ನು ನಳಿಗೆಯ ಬಾಯಿಂದಲೇ ತುಂಬುತ್ತಾರೆ. ಮದ್ದಿನ ಮೇಲೆ ನಾರಿನ ಉಂಡೆಯನ್ನಿಟ್ಟು ಗಜದಿಂದ ಜಡಿದು, ಆಮೇಲೆ ಚರೆ ಹಾಕಿ ಮತ್ತೆ ಉಂಡೆಯಿಟ್ಟು ಜಡಿಯುವುದು ಕ್ರಮ. ಹಿಂಭಾಗದಲ್ಲಿರುವ ಮೊಲೆಯಂಥ ಸಣ್ಣ ಕೊಳವೆಯ ಮೇಲೆ ತಾಮ್ರದ ಕೇಪನ್ನು ಕೂರಿಸಿ, ಕುದುರೆಯನ್ನು ಹಿಂದಕ್ಕೆಳೆದು ಬಿಟ್ಟರೆ ಕೇಪಿನ ಕಿಡಿ ಒಳಗಿನ ಮದ್ದಿಗೆ ತಗಲಿ ಈಡು ಹಾರುತ್ತದೆ. ಒಂದು ಈಡಿಗೂ ಇನ್ನೊಂದಕ್ಕೂ ನಡುವೆ ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬೇಕು.

ತೋಟಾ ಕೋವಿಯ ಸಂಗತಿ ಬೇರೆ. ಅದರಲ್ಲಿ ಮದ್ದು, ಚರೆ, ಕೇಪು ಎಲ್ಲವೂ ಒಂದೇ ತೋಟಾದೊಳಗೆ ಅಡಗಿವೆ. ನಳಿಗೆಯನ್ನು ಮುರಿದು ಹಿಂದಿನಿಂದ ಹಾಕಬಹುದು. ‘ಹನ್ನೆರಡು ಬೋರು’ ಎಂದು ಎಲ್ಲರೂ ಅನ್ನುವುದನ್ನು ಕೇಳಿ ಅದೇನು ಹನ್ನೆರಡೆಂದು ನಾನು ಬಹಳ ದಿನ ಯೋಚಿಸಿದ್ದುಂಟು. ಒಂದು ಪೌಂಡು ಸೀಸವನ್ನು ಕರಗಿಸಿ ಹನ್ನೆರಡು ಸಮನಾದ ಗುಂಡುಗಳನ್ನು ಮಾಡಿದರೆ, ಅಂಥ ಒಂದು ಗುಂಡು ಯಾವ ನಳಿಗೆಯಲ್ಲಿ ಸರಿಯಾಗಿ ಕೂರುವುದೋ ಅದು ಹನ್ನೆರಡು ಬೋರು. ಆದಕಾರಣ ಈ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದಾಗುತ್ತದೆ. ಇದನ್ನು ನಾನು ಜಗಲಿಯಲ್ಲಿ ಹೇಳಿದಾಗ ನೆರೆಯ ಹಿರಿಯರೊಬ್ಬರು, “ಸಂಬಳ ಹೆಚ್ಚಿದಷ್ಟೂ ಕೈ ಸಣ್ಣದಾಗೋ ಹಂಗೆ” ಎಂದು ನಗಿಸಿದರು.

ಈ ಪದಗಳು ಕೋವಿಯನ್ನು ಬಿಟ್ಟು ಬಾಳಿನೊಳಕ್ಕೂ ಇಳಿದಿವೆ. ಮಾತಿನಲ್ಲೇ ಆರ್ಭಟಿಸಿ ಕೆಲಸಕ್ಕೆ ಒದಗದವನನ್ನು ಕುರಿತು ನಮ್ಮ ಜಗಲಿಯಲ್ಲಿ, “ಕೇಪು ಹೊಡೀತು, ಈಡು ಹಾರಲಿಲ್ಲ” ಎನ್ನುತ್ತಾರೆ. ಮಳೆಗಾಲದಲ್ಲಿ ಮದ್ದು ಶೀತ ಹಿಡಿದಾಗ ಆಗುವ ಪಾಡು ಇದು. ಹಾಗೆಯೇ ಬೇಗ ಸಿಟ್ಟಾಗುವವನು ‘ಕುದುರೆ ಎತ್ತಿಟ್ಟ ಕೋವಿ’.

ಮೂರು ಕಾಲಗಳು

ಭಾಷೆಯ ವಿದ್ಯಾರ್ಥಿನಿಯಾದ ನನಗೆ ಈ ಮಾತುಕತೆಯಲ್ಲಿ ಒಂದು ವ್ಯಾಕರಣ ಕಂಡುಬಂತು. ನಮ್ಮ ಜಗಲಿಯಲ್ಲಿ ಬೇಟೆಯ ಮಾತೆಲ್ಲ ಭೂತಕಾಲದಲ್ಲಿ, ಹಂದಿಯ ಮಾತು ವರ್ತಮಾನದಲ್ಲಿ, ಲೈಸೆನ್ಸಿನ ಮಾತು ಭವಿಷ್ಯತ್ತಿನಲ್ಲಿ.

“ನಮ್ಮಪ್ಪನ ಕಾಲದಲ್ಲಿ ಒಂದು ಕಡವೆ…” ಎಂದು ಆರಂಭವಾಗುವ ಕಥೆಗಳಿಗೆ ಕೊನೆಯಿಲ್ಲ. ವರುಷ ವರುಷಕ್ಕೆ ಆ ಕಡವೆಯ ಕೊಂಬೂ ಬೆಳೆಯುತ್ತದೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ಅಪರಾಧ. ಬೆಳೆ ತಿನ್ನುವ ಕಾಡುಹಂದಿಯನ್ನು ಕೂಡ ಅಧಿಕಾರಿಗಳ ಅನುಮತಿಯಿಲ್ಲದೆ ಕೊಲ್ಲುವಂತಿಲ್ಲ. ಹೀಗಾಗಿ ಬೆಳೆ ಕಾಯುವ ಕೋವಿಯ ನಿಜವಾದ ಕೆಲಸ ಸದ್ದು ಮಾಡುವುದೇ ಆಗಿದೆ. ಅಜ್ಜ ನಡುರಾತ್ರಿ ಗದ್ದೆಯ ಬದಿಯಲ್ಲಿ ನಿಂತು ಆಕಾಶಕ್ಕೆ ಒಂದು ಈಡು ಬಿಟ್ಟರೆ, ಮರುದಿನ ನೆರೆಯವರು ಕೇಳುತ್ತಿದ್ದ ಮೊದಲ ಪ್ರಶ್ನೆ, “ಎಷ್ಟು ಹಂದಿ ಬಂದಿತ್ತು?” ಎಂದಲ್ಲ, “ಯಾವ ಕಡೆಗೆ ಹೋದ್ವು?” ಎಂದು. ತಮ್ಮ ಗದ್ದೆಯ ಕಡೆಗೆ ಓಡಿಸಿದರೋ ಎಂಬ ಆತಂಕ ಅದರೊಳಗಿತ್ತು.

ಭವಿಷ್ಯತ್ತಿನ ಮಾತೆಂದರೆ ಕಾಗದದ ಮಾತು: “ಬರೋ ತಿಂಗಳು ರಿನೀವಲ್ ಮಾಡಿಸ್ಬೇಕು,” “ಎಲೆಕ್ಷನ್ ಬಂತು, ಕೋವಿ ಠಾಣೆಗೆ ಇಡ್ಬೇಕು.” 2023ರ ಮೇ ತಿಂಗಳಿನಲ್ಲಿ ವಿಧಾನಸಭೆಯ ಚುನಾವಣೆ, 2024ರ ಏಪ್ರಿಲಿನಲ್ಲಿ ಲೋಕಸಭೆಯ ಚುನಾವಣೆ, ಎರಡು ಸಲವೂ ಅಜ್ಜನ ಕೋವಿ ಠಾಣೆಯಲ್ಲಿತ್ತು. ಹಲಸು ಬಲಿಯುವ, ಅದರ ವಾಸನೆಗೆ ಆನೆ ಬರುವ ಹೊತ್ತಿಗೆ ನಮ್ಮ ಕೈಯಲ್ಲಿ ಉಳಿದದ್ದು ರಶೀದಿ ಮಾತ್ರ. “ರಶೀದಿ ತೋರಿಸಿದ್ರೆ ಆನೆ ಹೋಗುತ್ತಾ ಗೌಡ್ರೇ?” ಎಂಬುದು ಆಗ ಊರಿನ ಹಾಸ್ಯವಾಗಿತ್ತು.

ನೆರೆಯ ಮನೆಗಳ ಕೋವಿ

ಕೊಡಗಿನಲ್ಲಿ ಎಲ್ಲ ಕೋವಿಗಳೂ ಒಂದೇ ಬಗೆಯ ಕಾಗದದ ಮೇಲೆ ನಿಂತಿಲ್ಲ. 1861ರಲ್ಲಿ ಮೈಸೂರು ಮತ್ತು ಕೊಡಗಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ ಅವರು ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಕೊಡವರಿಗೆ ವಿನಾಯಿತಿ ನೀಡಿದರು. ಸ್ವಾತಂತ್ರ್ಯಾನಂತರವೂ 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು ಮುಂದುವರಿಯಿತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದೆ. ಇದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು.

ನನ್ನ ಸಹಪಾಠಿ ಗೆಳತಿಯೊಬ್ಬಳು ಕೊಡವ ಮನೆತನದವಳು. ಕೈಲ್‌ಪೊಳ್ದ್ ಹಬ್ಬಕ್ಕೆ ಅವಳ ಮನೆಗೆ ಹೋಗಿದ್ದೆ. ನಾಟಿಯ ಕೆಲಸ ಮುಗಿದ ಮೇಲೆ ಬರುವ ಈ ಹಬ್ಬದಲ್ಲಿ ಕೋವಿ, ಒಡಿಕತ್ತಿಗಳನ್ನು ಒರೆಸಿ ಒಪ್ಪವಾಗಿಟ್ಟು ಪೂಜಿಸುತ್ತಾರೆ. ನಳಿಗೆಗೆ ‘ತೋಕ್ ಪೂ’ ಸಿಕ್ಕಿಸುತ್ತಾರೆ. ತೋಕ್ ಎಂದರೆ ಕೋವಿ, ಹೂವು ನಾವು ಗೌರಿ ಹೂ ಎನ್ನುವ ಕೆಂಪು ಹಳದಿ ಜ್ವಾಲೆಯಂಥದು. ಪೂಜೆಯಾದ ಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ. ಪುತ್ತರಿಯಲ್ಲಿ ಕದಿರು ತೆಗೆಯುವಾಗಲೂ ಅವರಲ್ಲಿ ಕೋವಿಯ ಸದ್ದಾಗಬೇಕು. ಅವಳ ಮನೆಯ ಹಿರಿಯರು ಕೋವಿಯನ್ನು ‘ನನ್ನದು’ ಎಂದದ್ದನ್ನು ನಾನು ಕೇಳಲೇ ಇಲ್ಲ. ಅದು ಒಕ್ಕದ್ದು, ತಾವು ಇಟ್ಟುಕೊಂಡವರು ಮಾತ್ರ ಎಂಬ ಧಾಟಿ. ಅಲ್ಲಿ ಕೋವಿ ಮಾನದ ಮಾತು, ನಮ್ಮಲ್ಲಿ ಬೆಳೆಯ ಮಾತು. ಆದರೆ ಒಂದು ವಿಷಯದಲ್ಲಿ ಎರಡು ಜಗಲಿಗಳೂ ಒಂದೇ. ಮಗುವೊಂದು ಕೋವಿಯ ಬಳಿ ಸುಳಿದರೆ ಅಲ್ಲಿಯೂ ಇಲ್ಲಿಯೂ ಮಾತು ಥಟ್ಟನೆ ನಿಂತುಬಿಡುತ್ತದೆ.

ವ್ಯಾಪಾರದ ಪ್ರಸಂಗ

ಇನ್ನು ನಮ್ಮ ಮನೆಯದೇ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಅಜ್ಜನಿಗೆ ಅಕ್ಷರ ಬಾರದು. ಲೈಸೆನ್ಸ್ ಪುಸ್ತಕ ಅಕ್ಕಿಯ ಪೆಟ್ಟಿಗೆಯ ಮೇಲಿನ ಟ್ರಂಕಿನಲ್ಲಿರುತ್ತಿತ್ತು. ಅವಧಿ ಮುಗಿಯುವುದನ್ನು ಪೇಟೆಯ ಅರ್ಜಿ ಬರೆಯುವವರೊಬ್ಬರು ನೆನಪಿಸುತ್ತಿದ್ದರು. ಅವರು ತೀರಿಕೊಂಡ ಸುದ್ದಿ ನಮಗೆ ತಿಳಿದಿತ್ತು; ಅವರ ಜೊತೆಗೆ ನಮ್ಮ ತಾರೀಖೂ ಹೋಯಿತೆಂಬುದು ತಿಳಿದಿರಲಿಲ್ಲ. ಕಳೆದ ವರುಷ ನನ್ನ ವಿದ್ಯಾರ್ಥಿವೇತನದ ಅರ್ಜಿಗೆಂದು ಟ್ರಂಕಿನಲ್ಲಿ ಕಾಗದ ಹುಡುಕುತ್ತಿದ್ದಾಗ ಸುಮ್ಮನೆ ಆ ಪುಸ್ತಕವನ್ನು ತೆರೆದೆ. ಅವಧಿ ಮುಗಿದು ಹತ್ತೊಂಬತ್ತು ದಿನಗಳಾಗಿದ್ದವು.

ನಾನು ಓದಿ ಹೇಳಿದಾಗ ಅಜ್ಜ ಬಹಳ ಹೊತ್ತು ಮಾತಾಡಲಿಲ್ಲ. ನಲವತ್ತು ವರುಷ ಒಂದು ಹೆಜ್ಜೆ ತಪ್ಪದೆ ಕೋವಿ ಇಟ್ಟವರು ತಾವೇ ಅರಿಯದೆ ಹತ್ತೊಂಬತ್ತು ದಿನ ತಪ್ಪಿತಸ್ಥರಾಗಿದ್ದರು. ಅವಧಿ ಮುಗಿದ ಲೈಸೆನ್ಸಿನ ಕೋವಿಯನ್ನು ತಡಮಾಡದೆ ಠಾಣೆಯಲ್ಲಿಯೋ ಪರವಾನಗಿಯುಳ್ಳ ಅಂಗಡಿಯಲ್ಲಿಯೋ ಇಡಬೇಕೆಂಬುದು ಕಾಯಿದೆ. ಮರುದಿನ ಬೆಳಗಿನ ಬಸ್ಸಿಗೇ ಅಜ್ಜನೂ ನಾನೂ ಹೊರಟೆವು. ತಪ್ಪೊಪ್ಪಿ ಬರೆದ ಅರ್ಜಿ ನನ್ನ ಕೈಬರಹದ್ದು. ಬೈಗುಳವೂ ಸಿಕ್ಕಿತು, ಕೆಲವು ತಿಂಗಳ ಓಡಾಟದ ಮೇಲೆ ನವೀಕರಣವೂ ಸಿಕ್ಕಿತು.

ಆದರೆ ಅಜ್ಜನ ಮನಸ್ಸು ಮುರಿದಿತ್ತು. “ಇನ್ನು ಇದು ನಂಗೆ ಬೇಡ ಮಗಾ” ಎಂದರು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಎಪ್ಪತ್ತು ವರುಷ ತುಂಬಿದವರು, ಇಲ್ಲವೆ ಇಪ್ಪತ್ತೈದು ವರುಷ ಕೋವಿ ಇಟ್ಟುಕೊಂಡವರು, ವಾರಸುದಾರರ ಹೆಸರಿಗೆ ಅದನ್ನು ವರ್ಗಾಯಿಸಲು ಕೇಳಿಕೊಳ್ಳಬಹುದು. ಅಪ್ಪನಿಗೆ ದೃಷ್ಟಿ ಮಂದವಾಗಿರುವುದರಿಂದ ಅವರು ಒಲ್ಲೆನೆಂದರು. ನನಗಾದರೋ ಇಪ್ಪತ್ತು, ಕಾಯಿದೆ ಕೇಳುವುದು ಇಪ್ಪತ್ತೊಂದು. ಕೋವಿಯ ಬಗ್ಗೆ ಅರ್ಜಿ ಬರೆಯಬಲ್ಲೆ, ಕೋವಿ ಇಟ್ಟುಕೊಳ್ಳಲಾರೆ! ಕೊನೆಗೆ ಮಾರುವುದೆಂದು ತೀರ್ಮಾನವಾಯಿತು.

ಸುದ್ದಿ ಸಂತೆಯಲ್ಲಿ ಹಬ್ಬಿತು. ಮೊದಲು ಬಂದವನು ದೂರದವನು. ಜಗಲಿ ಹತ್ತದೆ ಅಂಗಳದಲ್ಲೇ ನಿಂತು, “ಅಜ್ಜಾರೇ, ಕಾಗದ ಗೀಗದ ಬ್ಯಾಡ, ಬೇರೆಯವರು ಕೊಡೋದಕ್ಕಿಂತ ಐದು ಸಾವಿರ ಜಾಸ್ತಿ ಕೊಡ್ತೀನಿ, ರಾತ್ರಿ ಬಂದು ತಗೊಂಡು ಹೋಗ್ತೀನಿ” ಎಂದನು. ಐದು ಸಾವಿರವೆಂದರೆ ನನ್ನ ಹಾಸ್ಟೆಲಿನ ಬಾಕಿ ತೀರಿ ಇನ್ನೂ ಮಿಗುತ್ತಿತ್ತು. ನಾನು ಒಳಬಾಗಿಲಲ್ಲಿ ನಿಂತು ಅಜ್ಜನ ಮುಖವನ್ನೇ ನೋಡಿದೆ. ಅಜ್ಜ ಕೇಳಿದ್ದು ಒಂದೇ ಮಾತು: “ನಿನ್ನ ಗದ್ದೆ ಯಾವ ಊರಲ್ಲಿದೆ?” ಅವನು ತಡವರಿಸಿದನು. “ಗದ್ದೆ ಇಲ್ದೋನಿಗೆ ಬೆಳೆ ಕಾಯೋ ಕೋವಿ ಯಾಕಪ್ಪ?” ಎಂದು ಅಜ್ಜ ಎದ್ದು ಒಳಗೆ ಬಂದರು.

ಎರಡನೆಯವರು ಅದೇ ಊರಿನ ಕೆಳಗಿನ ಮನೆಯ ರೈತರು. ಹೊಸದಾಗಿ ಲೈಸೆನ್ಸ್ ಮಂಜೂರಾಗಿ ಕೋವಿ ಹುಡುಕುತ್ತಿದ್ದರು. ಬೆಲೆ ಕಡಿಮೆ ಹೇಳಿದರು. ಎಮ್ಮೆ ಮಾರಿದರೆ ಸಂಜೆಯೊಳಗೆ ಹಗ್ಗ ಕೈ ಬದಲಾಗುತ್ತದೆ, ಕೋವಿಗೆ ಹಾಗಲ್ಲ. ಯಾರಿಗೆ ಮಾರುತ್ತೇವೆಂದು ಹೆಸರು ವಿಳಾಸ ಸಹಿತ ಜಿಲ್ಲಾ ಮ್ಯಾಜಿಸ್ಟ್ರೇಟರಿಗಾಗಲಿ ಹತ್ತಿರದ ಠಾಣೆಗಾಗಲಿ ಲಿಖಿತವಾಗಿ ತಿಳಿಸಿ, 45 ದಿನ ಕಳೆದ ಮೇಲೆಯೇ ಕೊಡಬೇಕು. ಆ ಅರ್ಜಿಯನ್ನೂ ನಾನೇ ಬರೆದೆ.

ಈ 45 ದಿನಗಳಲ್ಲಿ ನಾನು ಕಂಡದ್ದು ಪುಸ್ತಕದಲ್ಲಿ ಇರಲಾರದು. ಕೆಳಗಿನ ಮನೆಯವರು ವಾರಕ್ಕೆರಡು ಸಲ ಜಗಲಿಗೆ ಬಂದರು. ಬೆಲೆಯ ಮಾತು ಒಮ್ಮೆಯೂ ಬರಲಿಲ್ಲ. “ಮನೇಲಿ ಎಲ್ಲಿಡ್ತೀಯ?” “ಕುಡಿಯೋ ತಮ್ಮ ಇದ್ದಾನಲ್ಲ, ಅವನಿಗೆ ಬೀಗದ ಕೈ ಸಿಗಲ್ವಾ?” “ಮಳೆಗಾಲದಲ್ಲಿ ನಳಿಗೆಗೆ ಎಣ್ಣೆ ಬಿಡೋದು ಮರೀಬೇಡ.” “ತುಂಬಿದ ಕೋವಿ ಹೊಸ್ತಿಲು ದಾಟಬಾರದು.” “ಸದ್ದಾದ ಕಡೆ ಗುರಿ ಇಡಬೇಡ, ಕಣ್ಣಿಗೆ ಕಂಡ ಮೇಲೂ ಒಂದು ಉಸಿರು ತಡಿ. ಅದು ಹುಲ್ಲು ಕುಯ್ಯೋ ಹೆಂಗಸಾಗಿರಬಹುದು.” ಇದು ವ್ಯಾಪಾರವೋ ಪರೀಕ್ಷೆಯೋ ಎಂದು ನನಗೆ ಅನುಮಾನವಾಯಿತು. ಸರ್ಕಾರ ಕಾಗದವನ್ನು ಪರಿಶೀಲಿಸುತ್ತಿದ್ದ ಕಾಲದಲ್ಲಿಯೇ ಅಜ್ಜ ಮನುಷ್ಯನನ್ನು ಪರಿಶೀಲಿಸುತ್ತಿದ್ದರು.

ಕೊಡುವ ದಿನ ಬಂದಾಗ ಅಜ್ಜ ಒಂದು ಆಸೆ ಹೇಳಿದರು: “ಆ ಪುಸ್ತಕದಾಗೆ ಏನೇನು ಬರೆದವ್ರೆ, ಒಂದ್ಸಲ ಪೂರ್ತಿ ಓದು ಮಗಾ.” ನಾನು ಷರತ್ತುಗಳನ್ನೆಲ್ಲ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಕೋವಿಯನ್ನು ಬೇರೆಯವರ ಕೈಗೆ ಕೊಡಬಾರದು, ಬೆಳೆ ಕಾಯುವುದಕ್ಕಲ್ಲದೆ ಬೇರೆ ಕಾರ್ಯಕ್ಕೆ ಒಯ್ಯಬಾರದು, ಕಳೆದುಹೋದರೆ ಕೂಡಲೇ ಠಾಣೆಗೆ ತಿಳಿಸಬೇಕು. ಒಂದೊಂದಕ್ಕೂ ಅಜ್ಜ ತಲೆಯಾಡಿಸಿ, “ಇದು ನಮ್ಮಪ್ಪ ಹೇಳಿದ್ದೇ” ಎನ್ನುತ್ತಿದ್ದರು. ಕೊನೆಗೆ ಅವಧಿಯ ತಾರೀಖು ಓದಿದೆ. ಅಜ್ಜ ಸಣ್ಣಗೆ ನಕ್ಕು, “ಇದೊಂದು ಹೇಳಿರಲಿಲ್ಲ” ಎಂದರು. ಆಮೇಲೆ ನಳಿಗೆಯನ್ನು ನೆಲಕ್ಕೆ ಮಾಡಿ ಕೋವಿಯನ್ನು ಕೆಳಗಿನ ಮನೆಯವರ ಕೈಗಿತ್ತರು.

ಉಪಸಂಹಾರ

ಮಿತ್ರರೇ, ನನ್ನ ಅಲ್ಪ ಅಧ್ಯಯನದಿಂದ ನನಗೆ ತೋರಿದ್ದು ಇಷ್ಟು. ಕೋವಿಯುಳ್ಳವರ ಮಾತು ಬರಿಯ ಬಡಾಯಿಯಲ್ಲ. ಹಾಸ್ಯದಲ್ಲಿ, ಗಾದೆಯಂಥ ನುಡಿಯಲ್ಲಿ, ಸತ್ತ ಕಡವೆಯ ಕಥೆಯಲ್ಲಿ, ಅಪಾಯದ ವಸ್ತುವೊಂದನ್ನು ಅಪಾಯವಿಲ್ಲದೆ ಇಟ್ಟುಕೊಳ್ಳುವ ತಿಳಿವಳಿಕೆ ತಲೆಮಾರಿನಿಂದ ತಲೆಮಾರಿಗೆ ಹರಿದುಬಂದಿದೆ. ಅದು ಯಾವ ಕಾಯಿದೆಗೂ ಕಡಿಮೆಯದಲ್ಲ. ಆದರೆ ಬಾಯಿಮಾತು ಎಲ್ಲವನ್ನೂ ಹೊತ್ತು ತರಬಲ್ಲದು, ತಾರೀಖನ್ನು ಮಾತ್ರ ತರಲಾರದು. ಅದಕ್ಕೆ ಅಕ್ಷರ ಬೇಕು.

ನಮ್ಮಲ್ಲಿ ಅನೇಕರು ಮನೆಗೆ ಮೊದಲ ಪದವೀಧರರಾಗಲಿದ್ದೇವೆ. ನಮ್ಮ ಮನೆಗಳಲ್ಲಿಯೂ ಟ್ರಂಕುಗಳಿವೆ. ಅವುಗಳಲ್ಲಿ ಪಹಣಿ, ಸಾಲದ ಪತ್ರ, ವಿಮೆಯ ಕಾಗದ ಮೊದಲಾದವು ಓದುವವರಿಲ್ಲದೆ ಮಲಗಿವೆ. ಈ ರಜೆಯಲ್ಲಿ ಊರಿಗೆ ಹೋದಾಗ ಒಮ್ಮೆ ಅವುಗಳನ್ನು ತೆರೆದು, ಹಿರಿಯರ ಎದುರಿಗೆ ಕುಳಿತು ಗಟ್ಟಿಯಾಗಿ ಓದಿರಿ. ಓದುತ್ತಾ ಅವರು ಹೇಳುವುದನ್ನೂ ಕೇಳಿಸಿಕೊಳ್ಳಿರಿ. ನಮ್ಮ ಜಗಲಿಯ ಗೋಡೆಯಲ್ಲಿ ಕೋವಿ ತೂಗುತ್ತಿದ್ದ ಎರಡು ಮೊಳೆಗಳು ಈಗಲೂ ಇವೆ. ಅಜ್ಜ ಅವುಗಳಿಗೆ ನನ್ನ ಕಾಲೇಜಿನ ಕೊಡೆಯನ್ನು ನೇತುಹಾಕಿದ್ದಾರೆ.