ಡೇವಿಡ್ ಗ್ಯಾರಿಕ್: ನಟ ಮತ್ತು ನಾಟಕಕಾರ

ಶಾಲೆಯ ಯೋಗ್ಯತೆಯನ್ನು ಹಾಜರಿ ಪುಸ್ತಕದ ಹೆಸರುಗಳ ಸಂಖ್ಯೆಯಿಂದ ಅಳೆಯುವುದು ಲೋಕದ ವಾಡಿಕೆ. ಆ ಅಳತೆ ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಿಸಲು, ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ನಟನಾಗಿಯೂ ನಾಟಕಕಾರನಾಗಿಯೂ ಪ್ರಖ್ಯಾತನಾದ ಡೇವಿಡ್ ಗ್ಯಾರಿಕನ ಚರಿತ್ರೆಯನ್ನು ನಮ್ಮ ಬಾಲಕ ಬಾಲಿಕೆಯರ ಮುಂದಿಡುತ್ತೇವೆ.

ಗ್ಯಾರಿಕನು 1717ರಲ್ಲಿ ಹೆರೆಫರ್ಡಿನಲ್ಲಿ ಜನಿಸಿ, ಲಿಚ್‌ಫೀಲ್ಡಿನಲ್ಲಿ ಬೆಳೆದನು. ತಂದೆಯು ಸೇನಾಧಿಕಾರಿ, ಕುಟುಂಬ ದೊಡ್ಡದು, ಅನುಕೂಲ ಅಷ್ಟಕ್ಕಷ್ಟೆ. ಸಮೀಪದ ಎಡಿಯಲ್ ಗ್ರಾಮದಲ್ಲಿ ಸ್ಯಾಮ್ಯುಅಲ್ ಜಾನ್ಸನ್ ಎಂಬ ತರುಣ ವಿದ್ವಾಂಸನು ಪಾಠಶಾಲೆಯೊಂದನ್ನು ತೆರೆದಿದ್ದನು. ಅಲ್ಲಿ ಸೇರಿದ ಬೆರಳೆಣಿಕೆಯ ಶಿಷ್ಯರಲ್ಲಿ ಗ್ಯಾರಿಕನೂ ಅವನ ತಮ್ಮ ಜಾರ್ಜನೂ ಇದ್ದರು. ಮಕ್ಕಳು ಸಾಲದೆ ಆ ಶಾಲೆ ಬಲುಬೇಗ ಮುಚ್ಚಿತು. 1737ರ ಮಾರ್ಚಿಯಲ್ಲಿ ಗುರುಶಿಷ್ಯರಿಬ್ಬರೂ ಜೊತೆಗೂಡಿ ಲಂಡನ್ನಿನ ದಾರಿ ಹಿಡಿದರು.

ಅಲ್ಲಿ ಗ್ಯಾರಿಕನು ಅಣ್ಣನೊಡನೆ ದ್ರಾಕ್ಷಾಮದ್ಯದ ವ್ಯಾಪಾರಕ್ಕಿಳಿದನು. ಮನಸ್ಸು ಮಾತ್ರ ರಂಗಭೂಮಿಯಲ್ಲಿತ್ತು. 1740ರಲ್ಲಿ ಅವನು ಬರೆದ ‘ಲೀಥಿ’ ಎಂಬ ಕಿರುನಾಟಕ ಪ್ರದರ್ಶಿತವಾಯಿತು. ನಟವೃತ್ತಿಯನ್ನು ಮನೆತನಸ್ಥರು ಕೀಳೆಂದು ಭಾವಿಸುತ್ತಿದ್ದ ಕಾಲವದು. ಆದುದರಿಂದ 1741ರ ಅಕ್ಟೋಬರ್ 19ರಂದು ಮೂರನೆಯ ರಿಚರ್ಡನ ಪಾತ್ರ ವಹಿಸಿದಾಗ ಪ್ರಕಟನ ಪತ್ರದಲ್ಲಿ ಅವನ ಹೆಸರೇ ಇರಲಿಲ್ಲ. ಆದರೆ ಆ ಅಭಿನಯವನ್ನು ಕಂಡು ಪಟ್ಟಣವೇ ಬೆರಗಾಯಿತು. ಅಂದಿನ ನಟರು ಪದ್ಯವನ್ನು ರಾಗವೆಳೆದು ಘೋಷಿಸುತ್ತಿದ್ದರು. ಗ್ಯಾರಿಕನು ಮನುಷ್ಯರಂತೆ ಮಾತನಾಡಿದನು, ಭಾವಕ್ಕೆ ತಕ್ಕಂತೆ ಮುಖವನ್ನು ಮಾರ್ಪಡಿಸಿದನು.

1747ರಿಂದ 1776ರವರೆಗೆ ಡ್ರೂರಿ ಲೇನ್ ನಾಟಕಶಾಲೆಯ ಆಡಳಿತ ಅವನ ಕೈಯಲ್ಲಿತ್ತು. ಪ್ರೇಕ್ಷಕರು ರಂಗದ ಮೇಲೆಯೇ ಕುಳಿತು ಆಟಕ್ಕೆ ಅಡ್ಡಿಮಾಡುವ ಹಳೆಯ ಪದ್ಧತಿಯನ್ನು ಅವನು ನಿಲ್ಲಿಸಿದನು. ಜಾರ್ಜ್ ಕೋಲ್ಮನನೊಡನೆ ಅವನು ರಚಿಸಿದ ‘ಗುಟ್ಟಿನ ಮದುವೆ’ ಎಂಬರ್ಥದ ಪ್ರಹಸನವು 1766ರಲ್ಲಿ ರಂಗಕ್ಕೆ ಬಂದು ಜನಮನ್ನಣೆ ಪಡೆಯಿತು. ಅವನಲ್ಲಿ ದೋಷವಿರಲಿಲ್ಲವೆಂದಲ್ಲ. ಷೇಕ್ಸ್‌ಪಿಯರನನ್ನು ಪೂಜಿಸುತ್ತಿದ್ದವನೇ 1772ರಲ್ಲಿ ‘ಹ್ಯಾಮ್ಲೆಟ್’ ನಾಟಕದಿಂದ ಗೋರಿ ತೋಡುವವರ ದೃಶ್ಯವನ್ನು ಕತ್ತರಿಸಿಹಾಕಿದನು.

ನಾವು ವಿಶೇಷವಾಗಿ ನೆನೆಯಬೇಕಾದುದು 1749ರ ಸಂಗತಿ. ಗುರು ಜಾನ್ಸನನು ಬರೆದ ‘ಐರೀನ್’ ದುರಂತನಾಟಕವನ್ನು ಶಿಷ್ಯನು ತನ್ನ ನಾಟಕಶಾಲೆಯಲ್ಲಿ ಆಡಿಸಿದನು. ತಿದ್ದುಪಡಿಗಳ ವಿಷಯದಲ್ಲಿ ಇಬ್ಬರಿಗೂ ಜಗಳವಾಯಿತು. ನಾಟಕವೇನೂ ಅಷ್ಟಾಗಿ ರುಚಿಸಲಿಲ್ಲ. ಆದರೂ ಗ್ಯಾರಿಕನು ಅದನ್ನು ಒಂಬತ್ತು ರಾತ್ರಿ ನಡೆಸಿದನು. ಪ್ರತಿ ಮೂರನೆಯ ರಾತ್ರಿಯ ಲಾಭ ಗ್ರಂಥಕರ್ತನಿಗೆ ಸಲ್ಲುವುದು ಅಂದಿನ ರೂಢಿ. ಹೀಗೆ ಬಡ ಗುರುವಿಗೆ ಮೂರು ರಾತ್ರಿಗಳ ಹಣ ದೊರೆಯಿತು. ಆ ಗುರುವೇ 1755ರಲ್ಲಿ ಆಂಗ್ಲಭಾಷೆಯ ಮಹಾನಿಘಂಟನ್ನು ಪ್ರಕಟಿಸಿದನು.

ಗ್ಯಾರಿಕನು 1779ರ ಜನವರಿ 20ರಂದು ಗತಿಸಿದನು. ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಅವನ ಸಮಾಧಿಯಾಯಿತು. 1784ರಲ್ಲಿ ತೀರಿಕೊಂಡ ಜಾನ್ಸನನನ್ನೂ ಅವನ ಪಕ್ಕದಲ್ಲಿಯೇ ಮಣ್ಣುಮಾಡಿದರು.

ಎಡಿಯಲ್ಲಿನ ಶಾಲೆಯನ್ನು ಲೆಕ್ಕ ನೋಡಿದವರು ನಷ್ಟವೆಂದೇ ಬರೆದಿರಬೇಕು. ಪಾಲಕರೇ, ತರಗತಿಯಲ್ಲಿ ಮಕ್ಕಳು ಕಡಮೆಯೆಂದು ನೀವು ಶಂಕಿಸುವಾಗ ಆ ಶಾಲೆಯನ್ನು ಸ್ಮರಿಸಿರಿ. ವಿದ್ಯಾರ್ಥಿಗಳೇ, ದೊಡ್ಡವರಾದ ಮೇಲೆ ಆ ಒಂಬತ್ತು ರಾತ್ರಿಗಳನ್ನು ಮರೆಯದಿರಿ.